ಸುಳ್ಳು ಕೂಗು



ಧಮ್ಮಬಂಧುಗಳೇ, ಇಂದಿನ ಚಿಂತನೆ ನಾಲ್ಕನೆಯ ಶೀಲದ ಬಗ್ಗೆ. ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ.

ರಜೆ ಸಿಕ್ಕರೆ ಕ್ಯಾಮೆರಾ ಹಿಡಿದು ಚಿಗಳ್ಳಿ ಕಡೆಯ ಕಾಡಿಗೆ ಹೋಗುವುದು ನನ್ನ ಹುಚ್ಚು. ಕಳೆದ ಮೇ ತಿಂಗಳಲ್ಲಿ ಬಿದಿರುಮೆಳೆಯೊಳಗೆ ನೀಲಿ ನೊಣಹಿಡುಕದ ಹಾಡು ಕೇಳಿಸಿತು. ಗುಬ್ಬಿಯಷ್ಟೇ ಹಕ್ಕಿ, ಬೆನ್ನು ನೀಲಿ, ಎದೆ ಕಿತ್ತಳೆ, ಹೊಟ್ಟೆ ಬಿಳಿ. ನೆರಳು ಬಿಟ್ಟು ಬರುವುದು ಅಪರೂಪ. ಆದರೆ ಹಾರುವ ಹುಳಕ್ಕೆ ಚಿಮ್ಮಿ, ಮತ್ತೆ ಅದೇ ಕೊಂಬೆಗೋ ಪಕ್ಕದ್ದಕ್ಕೋ ಮರಳುವುದು ಅದರ ರೂಢಿ. ಕಾಯುವವನಿಗೆ ಚಿತ್ರ ಸಿಗುತ್ತದೆ. ನಾನು ಕಾಯಲಿಲ್ಲ. ಮೊಬೈಲಿನಲ್ಲಿದ್ದ ಅದರದೇ ಹಾಡು ಹಚ್ಚಿದೆ. ತನ್ನ ಸರಹದ್ದಿಗೆ ಇನ್ನೊಂದು ಗಂಡು ನುಗ್ಗಿತೆಂದು ಅದು ಬಿಸಿಲಿಗೆ ಬಂತು. ಇಲ್ಲದ ವೈರಿಯನ್ನು ಹುಡುಕುತ್ತ ಕೊಂಬೆಯಿಂದ ಕೊಂಬೆಗೆ ಅಲೆಯಿತು. ಹತ್ತು ನಿಮಿಷ ನಾನು ಹಾಡು ನಿಲ್ಲಿಸಲಿಲ್ಲ.

ಚಿತ್ರ ಚೆನ್ನಾಗಿಯೇ ಬಂತು. ಶಾಲೆ ಶುರುವಾದಾಗ ಮಕ್ಕಳಿಗೆ ತೋರಿಸಿದೆ. ಏಳನೆಯ ತರಗತಿಯ ಒಬ್ಬ ಹುಡುಗಿ ಕೇಳಿದಳು: “ಸರ್, ಬಾಯಾಗ ಹುಳ ಐತಿ. ಮರಿಗೆ ಒಯ್ಯಾಕ ಹೊಂಟಿತ್ತೇನ್ರಿ?”

ನನಗೆ ಮಾತು ಹೊರಡಲಿಲ್ಲ. ಅದು ಮರಿ ಮಾಡುವ ಕಾಲವೆಂದು ನನಗೆ ಗೊತ್ತಿತ್ತು.

ಆ ರಾತ್ರಿ ಅಜ್ಜ ನೆನಪಾದ. ಚಾವಡಿಯಿಂದ ಕೂಗು ಬಂದರೆ ಬಾಯಿಗಿಟ್ಟ ತುತ್ತು ಬಿಟ್ಟು ಓಡುತ್ತಿದ್ದನಂತೆ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ವತನದ ಚಾಕರಿಗೆ ನಮ್ಮವರನ್ನು ಕಟ್ಟಿಹಾಕಿದ್ದ 1874ರ ಕಾಯ್ದೆಯನ್ನು ತಿದ್ದಲು ಬಾಬಾಸಾಹೇಬರು 1928ರಲ್ಲಿ ಅಲ್ಲಿನ ಶಾಸನಸಭೆಗೆ ಮಸೂದೆ ತಂದರು. ವತನದಾರನಿಗೆ ಹಗಲು ರಾತ್ರಿಯೆಂಬುದಿಲ್ಲ, ಅವನಿಲ್ಲದಿದ್ದರೆ ಮನೆಯವರನ್ನು ದುಡಿಸುತ್ತಾರೆ ಎಂಬುದು ಅವರ ಆಕ್ಷೇಪ. ಹಾಗೆ ಓಡಿದವನ ಮೊಮ್ಮಗ ನಾನು, ತುತ್ತು ಹಿಡಿದು ಹೊರಟಿದ್ದ ಹಕ್ಕಿಯನ್ನು ಕೂಗಿ ಕರೆದಿದ್ದೆ. ಅದೂ ಸುಳ್ಳು ಕೂಗು.

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸಕಲ ಜೀವಿಗಳ ಮೇಲೆ ಕರುಣೆ, ಕಳ್ಳತನ ಮಾಡದಿರುವುದು, ಸುಳ್ಳಾಡದಿರುವುದು ಒಂದರ ಹಿಂದೊಂದು ಬರುತ್ತವೆ. ನಾನು ಬಾಯಿಪಾಠ ಒಪ್ಪಿಸುತ್ತೇನೆ (ಮೇಷ್ಟ್ರ ಚಟ). ಮೂರನ್ನೂ ಹತ್ತೇ ನಿಮಿಷದಲ್ಲಿ ಮುರಿಯಬಹುದೆಂದು ಹೊಳೆದಿರಲಿಲ್ಲ. ಮುಸಾವಾದಕ್ಕೆ ನಾಲಿಗೆಯೇ ಬೇಕಿಲ್ಲ, ಮೊಬೈಲ್ ಸಾಕು. ಅದಿನ್ನಾದಾನವೆಂದರೆ ಕೊಡದಿದ್ದನ್ನು ತೆಗೆದುಕೊಳ್ಳುವುದು. ಆ ಚಿತ್ರವನ್ನು ಹಕ್ಕಿ ನನಗೆ ಕೊಟ್ಟಿರಲಿಲ್ಲ.

ಹಾಡನ್ನು ಮೊಬೈಲಿನಿಂದ ಅಳಿಸಿದ್ದೇನೆ. ಚಿತ್ರವನ್ನು ಅಳಿಸಿಲ್ಲ. ತರಗತಿಯ ಗೋಡೆಗೆ ಅಂಟಿಸಿ, ಹೇಗೆ ತೆಗೆದೆನೆಂದು ಕೆಳಗೆ ಬರೆದಿದ್ದೇನೆ. ಮೊನ್ನೆ ಭಾನುವಾರ ಅದೇ ಮೆಳೆಯ ಬಳಿ ಎರಡು ತಾಸು ಕೂತಿದ್ದೆ. ಹಾಡು ಕೇಳಿಸಿತು, ಹಕ್ಕಿ ಹೊರಗೆ ಬರಲಿಲ್ಲ.

ಜೈ ಭೀಮ್.