ಬ್ಯಾನಿ ಯಾರದು, ಹಾಡು ಯಾರದು?

ಹೆರಿಗೆ ಬ್ಯಾನಿ ತಿನ್ನುವ ಹೆಣ್ಣಿನ ಮನಸ್ಸನ್ನು ಹಾಡು, ಕತೆ, ನಗೆಚಾಟಿಕೆಯ ಕಡೆ ತಿರುಗಿಸುವುದು ಸರಿಯೋ ತಪ್ಪೋ? ನೋವು ಮರೆತರೆ ಒಳ್ಳೇದೇ ಆತಲ್ಲ, ಇದರಾಗೇನು ವಿಚಾರ ಮಾಡೂದು ಅಂತ ಯಾರಾದರೂ ಕೇಳಬಹುದು. ಆದರೆ ನಮ್ಮ ಜನಕ್ಕೆ 'ಮರೆತುಬಿಡ್ರಿ' ಎಂದವರೆಲ್ಲ ನಮ್ಮ ಒಳಿತಿಗೇ ಅಂದವರಲ್ಲ. ಹಸಿವು ಮರೆಯಲಿಕ್ಕೆ ಜಾತ್ರೆ, ಅವಮಾನ ಮರೆಯಲಿಕ್ಕೆ ಹೆಂಡ, ಬಾಕಿ ಕೂಲಿ ಮರೆಯಲಿಕ್ಕೆ ಸಿನಿಮಾ ಕೊಟ್ಟವರನ್ನು ನಾವು ಕಂಡಿದ್ದೇವೆ. ಆದ್ದರಿಂದ ನೋವು ಮರೆಸುವ ಯಾವುದನ್ನೇ ಆಗಲಿ, ಯಾರು, ಯಾರಿಗೆ, ಯಾಕೆ ಕೊಡ್ತಾರೆ ಎಂದು ಕೇಳಿಯೇ ತಗೊಳ್ಳಬೇಕು.

ಮೊದಲು ಒಂದು ಮಾತು ಸ್ಪಷ್ಟವಿರಲಿ. ಹೆರಿಗೆ ನೋವು ಪುಣ್ಯವಲ್ಲ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ, ಧರ್ಮಗ್ರಂಥ ಹಿಡಿದು ಎತ್ತುವ ಆಕ್ಷೇಪಗಳಿಗೆ ಅವನು ಕಿರುಹೊತ್ತಿಗೆಯನ್ನೇ ಬರೆದು ಉತ್ತರ ಕೊಡಬೇಕಾಯಿತು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಅದನ್ನು ತಗೊಂಡು ಹಡೆದಳು. ರಾಣಿಗೆ ನೋವು ಬೇಡವಾದರೆ ಅದು ವೈದ್ಯ. ಕೂಲಿಯ ಹೆಣ್ಣಿಗೆ ಬೇಡವಾದರೆ 'ತಡಕೋಬೇಕವಾ, ಹೆಣ್ಣು ಜನ್ಮ' ಎಂಬ ಉಪದೇಶ. ಬೆನ್ನಿಗೆ ಕೊಡುವ ನೋವಿನ ಮದ್ದು ಇವತ್ತಿಗೂ ದುಡ್ಡಿದ್ದವರಿಗೆ ಸಿಕ್ಕಷ್ಟು ಸಲೀಸಾಗಿ ಬಡವರಿಗೆ ಸಿಗುವುದಿಲ್ಲ. ಮದ್ದು ಕೊಡಬೇಕಾದ ಜಾಗದಲ್ಲಿ ಹಾಡು ಹಾಕಿ ಕೈತೊಳಕೊಂಡರೆ ಅದು ಕರುಣೆಯಲ್ಲ, ಉಳಿತಾಯ.

ಹಾಗಾದರೆ ಹಾಡೇ ಬೇಡವೇ? ಹಾಗೆ ಹೇಳುವುದು ನಮ್ಮ ಅವ್ವಂದಿರಿಗೆ ದ್ರೋಹ. ಬೀಸುಕಲ್ಲಿನ ಪದ ಕಲ್ಲಿನ ಭಾರ ಇಳಿಸಲಿಲ್ಲ. ಆದರೆ ಎದುರಾ ಎದುರು ಕುಂತು ಒಂದೇ ಗೂಟ ಹಿಡಿದ ಇಬ್ಬರಿಗೂ ಉಸಿರು ಕೊಟ್ಟಿತು. ಪದ ಹೇಳಿದಾಕಿಯ ಕೈಯೂ ಗೂಟದ ಮೇಲೆ ಇತ್ತು. ಇದು ಮುಖ್ಯ. ಗಂಗಾವತಿಯ ಕಾಲುವೆ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳು ಹಾಡಿದಾಗ ಕೆಲಸ ಲಗು ಸಾಗಿತೆಂದು ಧಣಿಯೂ ಖುಷಿಪಟ್ಟಾನು. ಕೂಲಿ ಏರಿಸಲಾರ. ಹಾಡು ಒಂದೇ. ಅದು ಬಗ್ಗಿದ ಬೆನ್ನಿಗೆ ಆಸರೆ, ಬದುವಿನ ಮೇಲೆ ನಿಂತವನಿಗೆ ಲಾಭ.

ಸೂಲಗಿತ್ತಿಯೂ ಹಾಗೇ. ಬ್ಯಾನಿ ಬಂದು ಹೋಗುವ ನಡುವೆ ಆಕಿ ಮಾತಾಡಿಸುತ್ತಾಳೆ, ಸೊಂಟ ತೀಡುತ್ತಾಳೆ, ನಗಿಸುತ್ತಾಳೆ, ಬೈಯುತ್ತಾಳೆ. ಬಹಳ ಊರುಗಳಲ್ಲಿ ಕೂಸನ್ನು ಮೊದಲು ಮುಟ್ಟಿದ ಆ ಕೈಯನ್ನೇ ಆಮೇಲೆ ಮೈಲಿಗೆ ಎಂದು ಹೊಸ್ತಿಲಾಚೆ ನಿಲ್ಲಿಸಿದರು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ದುಡ್ಡು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹೆಸರಿಲ್ಲದೆ ಹೋದ ಸೂಲಗಿತ್ತಿಯರಿಗೆ ಲೆಕ್ಕವಿಲ್ಲ.

ಇದನ್ನು ಹೇಳುತ್ತಾ ಹಳೆಯ ಕಾಲವೇ ಚಂದಿತ್ತು ಎಂದು ನಾವು ಹಾಡುವುದಿಲ್ಲ. ಕರ್ನಾಟಕದಲ್ಲಿ 2001–03ರ ಹೊತ್ತಿಗೆ ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಬೇಕು, ರಕ್ತ ಬೇಕು, ಆಂಬುಲೆನ್ಸ್ ಬೇಕು. ನೆತ್ತರು ಹರಿಯುವಾಗ ಯಾವ ಪದವೂ ಅದನ್ನು ನಿಲ್ಲಿಸದು. ನಮ್ಮ ಪ್ರಶ್ನೆ ಬೇರೆ: ಆಸ್ಪತ್ರೆಗೆ ಬಂದ ಹೆಣ್ಣು ಒಬ್ಬಂಟಿ ಯಾಕೆ ಆಗಬೇಕು?

ಪನಾಮಾ ದೇಶದ ಕುನಾ ಆದಿವಾಸಿಗಳು ಹೆರಿಗೆ ಕಠಿಣವಾದಾಗ ಹಾಡುವ ಒಂದು ಉದ್ದನೆಯ ಹಾಡಿನ ಬಗ್ಗೆ ಮಾನವಶಾಸ್ತ್ರಜ್ಞ ಲೆವಿ ಸ್ಟ್ರಾಸ್ 1949ರಲ್ಲಿ ಬರೆದ. ಅವನು ವಿವರಿಸುವಂತೆ ಆ ಹಾಡು ಹೆಣ್ಣಿನ ಗಮನವನ್ನು ಆಚೆ ಒಯ್ಯುವುದಿಲ್ಲ. ನೋವಿನೊಳಗೇ ದಾರಿ ಮಾಡಿಕೊಂಡು ಆಕಿಯ ಜೊತೆ ನಡೆಯುತ್ತದೆ. ಅಂದರೆ ಹಾಡಿನಲ್ಲಿ ಎರಡು ಬಗೆ. ಒಂದು ನೋವಿನಿಂದ ಕಣ್ಣು ತಪ್ಪಿಸುವುದು. ಇನ್ನೊಂದು ನೋವಿನ ಜೊತೆ ಕುಂದರುವುದು.

ವಿಜ್ಞಾನವೂ ಇದಕ್ಕೆ ದೂರವಿಲ್ಲ. ಮನಸ್ಸಿನ ಸ್ಥಿತಿ ನೋವಿನ ತೀವ್ರತೆಯನ್ನು ಏರಿಳಿಸುತ್ತದೆ ಎಂಬುದಕ್ಕೆ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಒಂದು ಸಿದ್ಧಾಂತ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ನೋವಿಗೆ ಸಂಗೀತ, ಉಸಿರಾಟದಂಥ ಉಪಾಯಗಳನ್ನು ಒಪ್ಪಿತು. ಆದರೆ ಹೆಣ್ಣಿನ ಇಷ್ಟದಂತೆ ಎಂದಿತು. ಬೆನ್ನಿನ ಮದ್ದನ್ನೂ, ಆಕೆ ಆರಿಸಿದ ಜೊತೆಗಾರ್ತಿಯನ್ನೂ ಅದೇ ಸೂಚನೆಗಳಲ್ಲಿ ಸೇರಿಸಿತು. ಭಾರತ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯೊಳಗೆ ಜೊತೆಗಾರ್ತಿಗೆ ಅನುಮತಿ ಕೊಟ್ಟಿತು. ಕಾಗದದ ಮೇಲೆ ಬಂದದ್ದು ಬಾಗಿಲ ತನಕ ಬಂದಿದೆಯೇ?

ಈಗ ಮೊಬೈಲು ಬಂದಿದೆ. ಕೈಗೆ ಒಂದು ವಿಡಿಯೋ ಹಚ್ಚಿಕೊಟ್ಟು 'ಇದನ್ನ ನೋಡ್ಕೋತ ಸುಮ್ನಿರವಾ, ಒದರಬ್ಯಾಡ' ಎಂದರೆ ಅಲ್ಲಿ ಹಗುರಾದದ್ದು ಯಾರ ಕಷ್ಟ? ಹಡೆಯುವಾಕೆಯದೋ, ಕೂಗು ಕೇಳಲಾಗದವರದೋ? ಒದರುವುದು ಆಕಿಯ ಹಕ್ಕು. ಆ ಕೂಗು ಕೆಲವೊಮ್ಮೆ ಏನೋ ಕೆಟ್ಟಿದೆ ಎಂಬ ಸುದ್ದಿ. ಅದನ್ನು ಮನರಂಜನೆಯಿಂದ ಮುಚ್ಚಿದರೆ ಜೀವಕ್ಕೇ ಕುತ್ತು.

ಆದ್ದರಿಂದ ಅಳತೆಗೋಲು ಮೂರು. ಹಾಡನ್ನು ಆರಿಸಿದವಳು ಆಕಿಯೇ? ಬೇಡ ಎಂದಾಗ ನಿಲ್ಲಿಸುತ್ತಾರೆಯೇ? ಹಾಡು ಹಚ್ಚಿದವರು ಪಕ್ಕದಲ್ಲೇ ಉಳಿದರೋ, ಎದ್ದು ಹೋದರೋ? ಮೂರಕ್ಕೂ ಉತ್ತರ ಸರಿಯಿದ್ದರೆ ಆ ಹಾಡು ಧರ್ಮ. ಇಲ್ಲದಿದ್ದರೆ ಅದು ಹಳೆಯ ಬಾಯಿಮುಚ್ಚಿಸುವಿಕೆಯೇ.

ಕುಷ್ಟಗಿ, ಯಲಬುರ್ಗಾದ ಗುಳೆ ಹೋಗುವ ಕುಟುಂಬಗಳ ಹೆಣ್ಣುಮಕ್ಕಳು ಎಲ್ಲಿ, ಯಾರ ಜೊತೆ ಹಡೆಯುತ್ತಾರೆ? ಕೊಪ್ಪಳದ ವಿದ್ಯಾರ್ಥಿ ಗೆಳೆಯರು, ಹಳ್ಳಿಯ ಮಾಸ್ತರರು, ಅಕ್ಕೋರು ತಂತಮ್ಮ ಊರಿನ ಆಸ್ಪತ್ರೆಗೆ ಹೋಗಿ ಕೇಳಲಿ: ಒಳಗೆ ಜೊತೆಗಾರ್ತಿಯನ್ನು ಬಿಡ್ತೀರಾ? ಮಂಚದ ಸುತ್ತ ಪರದೆ ಐತಾ? ನೀರು ಐತಾ? ಬೈಗುಳ ನಿಂತೈತಾ? ಮೊದಲು ಇವು ಆಗಲಿ. ಹಾಡು ನಮ್ಮಲ್ಲಿ ಬೇಕಾದಷ್ಟು ಅದಾವು, ಹಾಡಿಕೊಳ್ತೀವಿ.