ಆ ಎರಡು ಪರ್ಸೆಂಟ್ ಯಾರದು?

ಕಾಯಿಲೆ ಯಾರ ಮೈಯಲ್ಲಿದೆಯೋ ಅವರೊಬ್ಬರನ್ನು ಬಿಟ್ಟು ಮಿಕ್ಕ ಎಲ್ಲರಿಗೂ ವಿಷಯ ಗೊತ್ತಿರೋದು ನಮ್ಮ ಆಸ್ಪತ್ರೆಗಳಲ್ಲಿ ತೀರಾ ಮಾಮೂಲಿ. ಪೇಷೆಂಟ್ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕವರ್ ಹಿಡಿದು ಕೂತಿರ್ತಾರೆ. ಒಳಗೆ ಮಗ, ಅಳಿಯ, ಜೊತೆಗೆ ಇಂಗ್ಲಿಷ್ ಬರೋ ಯಾರೋ ಒಬ್ಬರು. ಅರ್ಧ ಗಂಟೆ ಮಾತಾಡಿ ಹೊರಗೆ ಬಂದು "ಏನಿಲ್ಲ, ಸ್ವಲ್ಪ ವೀಕ್ನೆಸ್ ಅಂತೆ" ಅಂತಾರೆ. ಇದನ್ನು ನಾವು ಪ್ರೀತಿ ಅಂತ ಕರೀತೀವಿ. ಪ್ರೀತಿ ಹೌದು, ಅದರಲ್ಲಿ ನನಗೆ ಅನುಮಾನ ಇಲ್ಲ. ಸರಿಯಾ ಅನ್ನೋದು ಬೇರೆ ಪ್ರಶ್ನೆ.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಒಂದು ಕಾಯಿಲೆಯ ದೆಸೆಯಿಂದ. ಅದರ ಹೆಸರು ಅಯೋರ್ಟಿಕ್ ಸ್ಟೆನೋಸಿಸ್. ಹೃದಯದಿಂದ ಇಡೀ ಮೈಗೆ ರಕ್ತ ಹೊರಡುವ ಬಾಗಿಲಲ್ಲಿ ಮೂರು ತೆಳು ರೆಕ್ಕೆಗಳ ಒಂದು ವಾಲ್ವ್ ಇದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುವ ಬಾಗಿಲು ಅದು. ವಯಸ್ಸಾದಂತೆ ಕೆಲವರಲ್ಲಿ ಆ ರೆಕ್ಕೆಗಳಲ್ಲಿ ಕ್ಯಾಲ್ಸಿಯಂ ಸೇರಿಕೊಂಡು ಗಟ್ಟಿಯಾಗುತ್ತೆ. ಚೆನ್ನಾಗಿದ್ದಾಗ 3ರಿಂದ 4 ಚದರ ಸೆಂಟಿಮೀಟರ್ ತೆರೆದುಕೊಳ್ಳುತ್ತಿದ್ದ ಬಾಗಿಲು 1ಕ್ಕಿಂತ ಕಡಿಮೆ ಆಯಿತು ಅಂದರೆ ಎಕೋ ರಿಪೋರ್ಟಿನಲ್ಲಿ 'ಸಿವಿಯರ್' ಅಂತ ಬರುತ್ತೆ.

ಬೋರ್‌ವೆಲ್ ಪೈಪಿನೊಳಗೆ ಗಡಸು ನೀರಿನ ಬಿಳೀ ಸುಣ್ಣ ಕಟ್ಟೋದನ್ನ ನೋಡಿದ ಹಳ್ಳಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಆದರೆ ಹೋಲಿಕೆ ಪೂರ್ತಿ ಸರಿಯಿಲ್ಲ. ಪೈಪಿಗೆ ಜೀವ ಇಲ್ಲ, ವಾಲ್ವಿಗಿದೆ. ಅಲ್ಲಿನ ಜೀವಕೋಶಗಳೇ ದಾರಿ ತಪ್ಪಿ ಮೂಳೆ ಕಟ್ಟೋ ಜೀವಕೋಶಗಳ ಥರ ವರ್ತಿಸೋಕೆ ಶುರು ಮಾಡ್ತವೆ. ಆಪರೇಷನ್‌ನಲ್ಲಿ ತೆಗೆದ ಕೆಲವು ವಾಲ್ವುಗಳಲ್ಲಿ ನಿಜವಾದ ಮೂಳೆಯೇ ಸಿಕ್ಕಿದೆ. ಹಾಗಾಗಿ ನೆಂಟರು ಹೇಳೋ ಹಾಗೆ ರಾಗಿ ಮುದ್ದೆ ಬಿಟ್ಟರೆ, ಎಲೆ ಅಡಿಕೆಗೆ ಸುಣ್ಣ ಹಚ್ಚೋದು ಬಿಟ್ಟರೆ ವಾಲ್ವ್ ಮೊದಲಿನಂತಾಗಲ್ಲ. ತಟ್ಟೆಯಲ್ಲಿರೋದು ನೇರವಾಗಿ ಹೋಗಿ ಅಲ್ಲಿ ಕೂರಲ್ಲ. ಕೊಲೆಸ್ಟರಾಲ್ ಮಾತ್ರೆಯಿಂದ ಇದನ್ನು ತಡೀಬಹುದಾ ಅಂತಲೂ ನೋಡಿದ್ದಾರೆ. 2008ರಲ್ಲಿ ಬಂದ ದೊಡ್ಡ ಪ್ರಯೋಗದ ಫಲಿತಾಂಶದಲ್ಲೂ ಅದು ಕೆಲಸ ಮಾಡಲಿಲ್ಲ.

ಇದೇ ಥರ ಕ್ಯಾಲ್ಸಿಯಂ ಅಯೋರ್ಟಾದ ಗೋಡೆಗೆ, ಕುತ್ತಿಗೆಯಲ್ಲಿ ಮೆದುಳಿಗೆ ಹೋಗುವ ರಕ್ತನಾಳಗಳಿಗೂ ಕೂತಿರುತ್ತೆ. ಅದರ ಒಂದು ಚೂರು ಕಿತ್ತು ಮೇಲಕ್ಕೆ ಹೋಗಿ ಮೆದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಂಡರೆ ಸ್ಟ್ರೋಕ್. ನಮ್ಮೂರಲ್ಲಿ ಲಕ್ವ ಅಂತೀವಿ.

ವಾಲ್ವ್ ಕಿರಿದಾದರೂ ವರ್ಷಾನುಗಟ್ಟಲೆ ಏನೂ ಗೊತ್ತಾಗಲ್ಲ. ಆಮೇಲೆ ಏದುಸಿರು, ಎದೆನೋವು, ನಡೀತಾ ನಡೀತಾ ತಲೆ ತಿರುಗಿ ಬೀಳೋದು. 1968ರಲ್ಲೇ ರಾಸ್ ಮತ್ತು ಬ್ರೌನ್‌ವಾಲ್ಡ್ ಅನ್ನೋ ಡಾಕ್ಟರುಗಳು ಬರೆದಿಟ್ಟಿದ್ದಾರೆ: ಒಮ್ಮೆ ಲಕ್ಷಣ ಶುರುವಾದರೆ, ವಾಲ್ವ್ ಬದಲಾಯಿಸದೇ ಇದ್ದಲ್ಲಿ, ಉಳಿಯೋದು ಸರಾಸರಿ ಎರಡರಿಂದ ಐದು ವರ್ಷ. ಎದೆ ತೆರೆದು ಆಪರೇಷನ್ ಮಾಡುವ ದಾರಿ ಮೊದಲಿಂದ ಇತ್ತು, ಆದರೆ ತುಂಬಾ ವಯಸ್ಸಾದವರಿಗೆ, ಮೈಯಲ್ಲಿ ಶಕ್ತಿ ಇಲ್ಲದವರಿಗೆ ಅದು ಆಗ್ತಿರಲಿಲ್ಲ. 2002ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೂಆನ್‌ನಲ್ಲಿ ಅಲೆನ್ ಕ್ರಿಬಿಯೆ ಅನ್ನೋ ಡಾಕ್ಟರ್ ಮೊದಲ ಸಲ, ಎದೆ ತೆರೆಯದೆ, ಮಡಚಿಟ್ಟ ವಾಲ್ವನ್ನು ರಕ್ತನಾಳದ ಮೂಲಕವೇ ಕಳಿಸಿ ಕೂರಿಸಿದರು. ಈಗ ಸಾಮಾನ್ಯವಾಗಿ ತೊಡೆಯ ರಕ್ತನಾಳದಿಂದ ಹೋಗ್ತಾರೆ. ಟಾವಿ ಅಂತಾರೆ. ಬೆಂಗಳೂರಲ್ಲೂ ಮಾಡ್ತಾರೆ, ಗುಜರಾತಿನ ವಾಪಿಯ ಕಂಪನಿಯೊಂದು ಈ ವಾಲ್ವನ್ನು ಇಲ್ಲೇ ತಯಾರಿಸುತ್ತೆ.

ಒಳ್ಳೇದೇ ಆಯ್ತಲ್ಲ ಅನ್ನಿಸುತ್ತೆ. ಆದರೆ ಆ ತಂತಿ, ಆ ಕೊಳವೆ ಹೋಗೋದು ಅದೇ ಸುಣ್ಣಗಟ್ಟಿದ ದಾರಿಯಲ್ಲಿ. ಹಳೇ ವಾಲ್ವನ್ನು ತೆಗೆಯಲ್ಲ, ಹೊಸದು ಅದನ್ನ ಗೋಡೆಗೆ ಒತ್ತಿ ಕೂರುತ್ತೆ. ಆಗ ಚೂರುಗಳು ಕಿತ್ತು ಬರಬಹುದು. ಅಂದರೆ ಹೃದಯಕ್ಕೆ ಮಾಡೋ ಉಪಕಾರದಲ್ಲಿ ಮೆದುಳಿಗೆ ಪೆಟ್ಟು ಬೀಳಬಹುದು. 2010ರಲ್ಲಿ ಬಂದ ಪಾರ್ಟ್ನರ್ ಅನ್ನೋ ಪ್ರಯೋಗದಲ್ಲಿ, ತೆರೆದ ಆಪರೇಷನ್ ಸಾಧ್ಯವೇ ಇಲ್ಲದ 358 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ವರ್ಷದಲ್ಲಿ, ವಾಲ್ವ್ ಹಾಕಿಸಿಕೊಳ್ಳದವರಲ್ಲಿ 50.7% ಜನ ತೀರಿಕೊಂಡರು, ಹಾಕಿಸಿಕೊಂಡವರಲ್ಲಿ 30.7%. ಆದರೆ ಮೊದಲ ಮೂವತ್ತು ದಿನದಲ್ಲಿ ದೊಡ್ಡ ಸ್ಟ್ರೋಕ್ ಆಗಿದ್ದು ಹಾಕಿಸಿಕೊಂಡವರಲ್ಲಿ 5%, ಹಾಕಿಸಿಕೊಳ್ಳದವರಲ್ಲಿ 1.1%. ಆಮೇಲೆ ಸಲಕರಣೆ ಸುಧಾರಿಸಿತು, ಕೈಗಳು ಪಳಗಿದವು. 2022ರಲ್ಲಿ ಮೂರು ಸಾವಿರ ಜನರ ಮೇಲೆ ನಡೆದ ಪ್ರಯೋಗದಲ್ಲಿ ಚಿಕ್ಕದು ದೊಡ್ಡದು ಎಲ್ಲಾ ಸೇರಿ ಸ್ಟ್ರೋಕ್ ಆಗಿದ್ದು ನೂರಕ್ಕೆ ಎರಡು ಮೂರು ಜನಕ್ಕೆ.

ನಮ್ಮಂಥವರ ತಲೆ ಇಲ್ಲಿ ತಕ್ಷಣ ಎಕ್ಸೆಲ್ ಶೀಟ್ ತೆಗೆಯುತ್ತೆ. ಆಗುವ ಸಾಧ್ಯತೆ ಒಂದು ಕಾಲಂ, ಆದರೆ ಎಷ್ಟು ನಷ್ಟ ಅನ್ನೋದು ಇನ್ನೊಂದು. ಗುಣಿಸು, ಕೂಡು, ಕಡಿಮೆ ಬಂದಿದ್ದನ್ನ ಆರಿಸು. ಆಫೀಸಿನಲ್ಲಿ ರಿಲೀಸ್ ಮಾಡಬೇಕಾ ಬೇಡವಾ ಅಂತ ಹೀಗೇ ತೀರ್ಮಾನ ಮಾಡ್ತೀವಿ. ಮೊದಲ ಕಾಲಂ ತುಂಬೋಕೆ ಡಾಕ್ಟರ್ ಇದ್ದಾರೆ, ಪ್ರಯೋಗಗಳಿವೆ. ಎರಡನೇ ಕಾಲಂ ಯಾರು ತುಂಬಬೇಕು?

ನಮ್ಮ ದೊಡ್ಡಪ್ಪನ ವಿಷಯದಲ್ಲಿ ಅದನ್ನ ತುಂಬಿದ್ದು ಮಕ್ಕಳು. ದೊಡ್ಡಪ್ಪನಿಗೆ 79, ತಿಪಟೂರು ಕಡೆ ತೆಂಗಿನ ತೋಟ, ಎರಡು ಹಸು, ಒಂದು ಟಿವಿಎಸ್. ತೋಟದಲ್ಲಿ ಎರಡು ಸಲ ಕಣ್ಣು ಕತ್ತಲೆ ಬಂದು ಕೂತುಬಿಟ್ಟಿದ್ದರು. ಬೆಂಗಳೂರಿಗೆ ಕರೆದುಕೊಂಡು ಬಂದು ತೋರಿಸಿದಾಗ ಗೊತ್ತಾಗಿದ್ದು ಇದು. ಆ ಇಂಗ್ಲಿಷ್ ಬರೋ ಒಬ್ಬ ನಾನೇ, ಅದಕ್ಕೇ ಒಳಗಿದ್ದೆ. ಡಾಕ್ಟರ್ ನಿಧಾನಕ್ಕೆ ವಿವರಿಸಿದರು. ಮಾಡಿಸದಿದ್ದರೆ ಹೀಗೆ, ಮಾಡಿಸಿದರೆ ಹೀಗೆ, ಸ್ಟ್ರೋಕ್ ಎರಡು ಪರ್ಸೆಂಟ್. ದೊಡ್ಡಪ್ಪನ ಇಬ್ಬರು ಗಂಡುಮಕ್ಕಳಿಗೆ ಲೆಕ್ಕ ಸುಲಭವಾಗಿತ್ತು. ಅಪ್ಪ ಇರಬೇಕು. ಅಪ್ಪ ಹೋಗೋದಕ್ಕಿಂತ ದೊಡ್ಡ ನಷ್ಟ ಯಾವುದೂ ಇಲ್ಲ. ಹಾಗಾದ ಮೇಲೆ ಎರಡು ಪರ್ಸೆಂಟ್ ಯಾವ ಲೆಕ್ಕ? "ಅವರಿಗೆ ಹೇಳೋದು ಬೇಡ, ಗಾಬರಿ ಆಗ್ತಾರೆ" ಅಂತ ಲಿಫ್ಟಿನಲ್ಲೇ ತೀರ್ಮಾನ ಆಯ್ತು.

ಹೇಳಿದ್ದು ದೊಡ್ಡಪ್ಪನ ಮಗಳು, ನಮಗೆಲ್ಲ ಅಕ್ಕ. ಅವಳಿಗೆ ಈ ಲಿಫ್ಟಿನ ತೀರ್ಮಾನ ಒಪ್ಪಿಗೆ ಇರಲಿಲ್ಲ. ಊರಲ್ಲಿ ಕೊಟ್ಟಿಗೆ ಹತ್ರ ಕೂತು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಹೃದಯದ ಬಾಗಿಲು ಸುಣ್ಣಗಟ್ಟಿರೋದರಿಂದ ಹಿಡಿದು ಎರಡು ಪರ್ಸೆಂಟ್‌ವರೆಗೂ ಹೇಳಿದಳು. ನೂರು ತೆಂಗಿನಕಾಯಿ ಒಡೆದರೆ ಎರಡು ಕೆಟ್ಟಿರ್ತವಲ್ಲ, ಹಾಗೆ ಅಂದಳು.

ದೊಡ್ಡಪ್ಪ ಸಾಯೋ ವಿಷಯ ಎತ್ತಲೇ ಇಲ್ಲ. "ಸಾಯಾದಿಕ್ಕೆ ಹೆದ್ರಲ್ಲ ಕಣವ್ವ, ಎಂಬತ್ತಾಯ್ತಾ ಬಂತು. ಮಲಗಿಬಿಟ್ರೆ ಏನ್ ಮಾಡ್ಲಿ? ನಿಮ್ಮಜ್ಜಿನ ನೀನು ನೋಡಿಲ್ವಾ?" ಅಂದರು.

ಅಜ್ಜಿ ಲಕ್ವ ಹೊಡೆದು ಆರು ವರ್ಷ ನಡುಮನೆಯಲ್ಲಿ ಮಲಗಿದ್ದರು. ಮಗ್ಗುಲು ಬದಲಿಸುತ್ತಿದ್ದವರು, ಒದ್ದೆ ಬಟ್ಟೆ ತೆಗೆಯುತ್ತಿದ್ದವರು ಇದೇ ದೊಡ್ಡಪ್ಪ. ಎರಡನೇ ಕಾಲಂನಲ್ಲಿ ಏನು ಬರೀಬೇಕು ಅಂತ ಆ ಮನೆಯಲ್ಲಿ ಕೈಯಾರೆ ಗೊತ್ತಿದ್ದವರು ಅವರೊಬ್ಬರೇ. ಮಕ್ಕಳಿಗೆ ಸಾವು ಕೊನೆಯ ನಷ್ಟ. ಅವರಿಗೆ ಸಾವು ಆಗಬೇಕಾದ್ದು, ಹಾಸಿಗೆ ಕೊನೆಯ ನಷ್ಟ. ಅಂಕಿ ಅದೇ, ಎಕ್ಸೆಲ್ ಶೀಟ್ ಅದೇ, ಉತ್ತರ ಮಾತ್ರ ಉಲ್ಟಾ. ನನ್ನ ವಾದ ಇಷ್ಟೇ: ಆ ಮಾಹಿತಿ ಬೇರೆ ಎಲ್ಲೂ ಸಿಗಲ್ಲ. ಕೇಳದೆ ತೀರ್ಮಾನ ಮಾಡಿದರೆ ಅರ್ಧ ಡೇಟಾ ಇಟ್ಟುಕೊಂಡು ಮಾಡಿದ ಹಾಗೆ, ಅದೂ ಮುಖ್ಯವಾದ ಅರ್ಧ ಬಿಟ್ಟು.

ಹಾಗಂತ ಪೇಷೆಂಟ್ ಹೇಳಿದ್ದೇ ವೇದವಾಕ್ಯ ಅಂತಲೂ ಅಲ್ಲ. ದೊಡ್ಡಪ್ಪ ಮುಂದೆ ಕೇಳಿದ್ದು, "ಹಾಕಿಸ್ಕಳ್ದಿದ್ರೆ ಒಂದಿನ ಸುಮ್ನೆ ಹೋಗ್ಬಿಡ್ತೀನಾ ಹಂಗಾದ್ರೆ?" ಹೂಂ ಅಂದಿದ್ದರೆ ಅಲ್ಲಿಗೇ ಮುಗೀತಿತ್ತು. ಆದರೆ ಅದು ನಿಜ ಅಲ್ಲ. ಕೆಲವರು ಹಾಗೆ ಹೋಗ್ತಾರೆ. ಬಹಳ ಜನಕ್ಕೆ ಕಾಲು ಊದುತ್ತೆ, ಮಲಗಿದರೆ ಉಸಿರು ಕಟ್ಟುತ್ತೆ, ರಾತ್ರಿಯೆಲ್ಲ ದಿಂಬು ಒರಗಿಸಿಕೊಂಡು ಕೂತೇ ಇರಬೇಕಾಗುತ್ತೆ. ವಾಲ್ವ್ ಹಾಕಿಸದಿದ್ದರೆ ಲಕ್ವ ಬರೋದೇ ಇಲ್ಲ ಅಂತಲೂ ಇಲ್ಲ. ಅಕ್ಕ ಇದನ್ನೂ ಮುಚ್ಚಿಡಲಿಲ್ಲ. ದೊಡ್ಡಪ್ಪ ತುಂಬಾ ಹೊತ್ತು ಹಸುವಿನ ಕಡೆ ನೋಡ್ತಾ ಕೂತರು. "ನಡೀತಾ ನಡೀತಾನೇ ಕರ್ಕೊಂಡುಬಿಡಪ್ಪ" ಅಂತ ಅವರು ದಿನಾ ದೇವರಿಗೆ ಕೇಳೋದು. ಈ ಕಾಯಿಲೆ ಅದಕ್ಕೆ ಅಡ್ಡದಾರಿ ಕೊಡಲ್ಲ ಅಂತ ಅವತ್ತು ಗೊತ್ತಾಯ್ತು.

ಇನ್ನೊಂದು ವಿಷಯ ಇತ್ತು, ಯಾವ ಪ್ರಯೋಗದ ಟೇಬಲ್‌ನಲ್ಲೂ ಬರದೇ ಇರೋದು. ಆ ವಾಲ್ವ್ ಮಾಡೋದು ದನದ ಹೃದಯದ ಸುತ್ತಲಿನ ಪೊರೆಯಿಂದ. ಕೆಲವು ಕಂಪನಿಗಳು ಹಂದಿಯದ್ದು ಬಳಸ್ತವೆ. ಮೆಕ್ಯಾನಿಕಲ್ ವಾಲ್ವೂ ಇದೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಅಭಿವೃದ್ಧಿಪಡಿಸಿದ ವಾಲ್ವ್ 1990ರಿಂದ ನಮ್ಮಲ್ಲಿ ಬಳಕೆಯಲ್ಲಿದೆ. ಆದರೆ ಅಂಥದ್ದಕ್ಕೆ ಎದೆ ತೆರೀಬೇಕು, ಜೀವನಪೂರ್ತಿ ರಕ್ತ ತೆಳು ಮಾಡೋ ಮಾತ್ರೆ ನುಂಗಬೇಕು, ಆಗಾಗ ಟೆಸ್ಟ್ ಮಾಡಿಸಬೇಕು. 79ಕ್ಕೆ ಅದು ಬೇಡ ಅಂದಿದ್ದರು ಡಾಕ್ಟರ್. ಅಣ್ಣಂದಿರು ಈ ದನದ ವಿಷಯವನ್ನಂತೂ ಸತ್ತರೂ ಹೇಳಕೂಡದು ಅಂದಿದ್ದರು. ಅಕ್ಕ ಹೇಳಿದಳು. ಆವತ್ತು ರಾತ್ರಿ ದೊಡ್ಡಪ್ಪ ಊಟ ಮಾಡಲಿಲ್ಲ. ಮೂರು ದಿನ ಆದಮೇಲೆ, ಯಾರೂ ಕೇಳದೇ ಇದ್ದರೂ, "ಆಗ್ಲಿ, ಹಾಕಿಸ್ರಿ" ಅಂದರು. ಆ ಮೂರು ದಿನದಲ್ಲಿ ಅವರ ತಲೆಯಲ್ಲಿ ಏನು ಓಡಿತೋ ನನಗೆ ಗೊತ್ತಿಲ್ಲ. ಆ ಮೂರು ದಿನವನ್ನು ಅವರಿಂದ ಕಸಿಯೋ ಹಕ್ಕು ನಮಗಿತ್ತಾ ಅನ್ನೋದು ಮಾತ್ರ ಗಟ್ಟಿಯಾಗಿ ಕೇಳಬೇಕು ಅನ್ನಿಸುತ್ತೆ.

ದುಡ್ಡಿನ ವಿಷಯ ಉದ್ದ ಮಾಡಲ್ಲ. ಹದಿನೈದು ಲಕ್ಷದ ಮೇಲಾಯ್ತು, ತೋಟ ಮಾರಕೂಡದು ಅನ್ನೋ ಒಂದೇ ಷರತ್ತು ಅವರದು. ಅಪ್ಪನ ಜೀವಕ್ಕೆ ಬೆಲೆ ಕಟ್ಟೋದಾ ಅಂತ ದೊಡ್ಡಣ್ಣ ಕಣ್ಣೀರು ಹಾಕಿದ. ಆದರೆ ಆ ತೋಟಕ್ಕೆ ನೀರು ಹೊತ್ತವರು ಅವರು. ಕಟ್ಟುವುದಿದ್ದರೆ ಬೆಲೆ ಅವರೇ ಕಟ್ಟಬೇಕು.

ಸಾಂಗವಾಗಿ ಆಯ್ತು ಅಂತ ಬರೆಯೋಕೆ ಆಸೆ. ಆದರೆ ಮಾರನೇ ದಿನ ಬೆಳಗ್ಗೆ ಎಡಗೈ ಸೋತಿತ್ತು. ಚಿಕ್ಕ ಸ್ಟ್ರೋಕ್. ಎರಡು ತಿಂಗಳಲ್ಲಿ ಕೈ ಬಹುಪಾಲು ವಾಪಸ್ ಬಂತು, ಕೊನೆಯ ಎರಡು ಬೆರಳು ಬರಲಿಲ್ಲ. ಏದುಸಿರು ಹೋಗಿದೆ, ತೋಟಕ್ಕೆ ನಡೆದು ಹೋಗ್ತಾರೆ, ಹಾಲು ಕರೆಯೋದು ಮಾತ್ರ ಆಗಲ್ಲ.

ಮನೆಯಲ್ಲಿ ಸಣ್ಣದೊಂದು ಜಗಳ ಎದ್ದಿತು. ಸುಮ್ಮನೆ ಬಿಟ್ಟಿದ್ದರೇ ಚೆನ್ನಾಗಿತ್ತು ಅಂತ ಒಬ್ಬ, ನೀನೇ ಅವಸರ ಮಾಡಿದ್ದು ಅಂತ ಇನ್ನೊಬ್ಬ. ದೊಡ್ಡಪ್ಪ ಒಳಗಿಂದಲೇ "ಒಪ್ಪಿದ್ದು ನಾನಲ್ವೇನ್ರಲಾ" ಅಂದರು. ಅಲ್ಲಿಗೆ ನಿಂತಿತು. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗೆಲ್ ಅನ್ನೋ ಇಬ್ಬರು ತತ್ವಶಾಸ್ತ್ರಜ್ಞರು 'ಮಾರಲ್ ಲಕ್' ಅನ್ನೋ ಒಂದು ವಿಚಾರ ಎತ್ತಿದರು. ನಮ್ಮ ಕೈಯಲ್ಲಿಲ್ಲದ ಫಲಿತಾಂಶಕ್ಕೂ ನಾವು ಹೊಣೆ ಹೊರಿಸ್ತೀವಿ, ಹೊರ್ತೀವಿ, ಅದು ನ್ಯಾಯವಾ ಅಂತ. ನ್ಯಾಯವೋ ಅಲ್ಲವೋ, ಹೊರೋದಂತೂ ತಪ್ಪಲ್ಲ. ಕದ್ದುಮುಚ್ಚಿ ಮಾಡಿಸಿದ್ದರೆ ಆ ಎರಡು ಬೆರಳನ್ನು ಇಬ್ಬರು ಮಕ್ಕಳು ಬದುಕಿಡೀ ಹೊರಬೇಕಿತ್ತು.

ಹೇಳಬಾರದು ಅನ್ನೋರ ವಾದದಲ್ಲೂ ಹುರುಳಿದೆ. ಭಯ ನಿಜವಾದ ಕಷ್ಟ, ಸುಮ್ಮನೆ ಒಬ್ಬರ ಮೇಲೆ ಹಾಕುವಂಥದ್ದಲ್ಲ. ಆದರೆ ಈ ಕಾಯಿಲೆಯಲ್ಲಿ ಹೇಳದೇ ಇರೋದೂ ಅಪಾಯ. ಗೊತ್ತಿಲ್ಲದ ಮನುಷ್ಯ ಟಿವಿಎಸ್ ಓಡಿಸ್ತಾನೆ, ಮೂಟೆ ಎತ್ತುತ್ತಾನೆ. ಎದೆ ಹಿಡೀತು ಅಂತ ಪಕ್ಕದ ಮನೆಯವರು ಕೊಟ್ಟ, ನಾಲಿಗೆ ಕೆಳಗಿಡೋ ಮಾತ್ರೆ ಇಟ್ಕೊಂಡರೆ ಬಿಪಿ ಇದ್ದಕ್ಕಿದ್ದಂತೆ ಕುಸೀಬಹುದು. ಇನ್ನೂ ಒಂದು ಮಾತಿದೆ. ಅಂಗವೈಕಲ್ಯದ ಜೊತೆ ಬದುಕುತ್ತಿರುವವರು ತಮ್ಮ ಬದುಕನ್ನು, ಹೊರಗಿನವರು ಊಹಿಸೋದಕ್ಕಿಂತ ಚೆನ್ನಾಗಿದೆ ಅಂತಲೇ ಹೇಳ್ತಾರೆ. ಅಂದರೆ ದೊಡ್ಡಪ್ಪನ ಹಾಸಿಗೆ ಭಯ ಕೂಡ ಸ್ವಲ್ಪ ಹೆಚ್ಚೇ ಇದ್ದಿರಬಹುದು. ಇರಲಿ. ಅದನ್ನ ಅವರ ಜೊತೆ ಕೂತು ಮಾತಾಡಬಹುದು, ಅವರ ಬೆನ್ನ ಹಿಂದೆ ತಿದ್ದೋಕಾಗಲ್ಲ. ಕಾನೂನೂ ಸ್ಪಷ್ಟ ಇದೆ: ಎಚ್ಚರ ಇರೋ, ಬುದ್ಧಿ ಸ್ಥಿಮಿತ ಇರೋ ವಯಸ್ಕರ ಬದಲಿಗೆ ಮನೆಯವರ ಒಪ್ಪಿಗೆ ಸಾಲದು ಅಂತ, ತುರ್ತು ಪರಿಸ್ಥಿತಿ ಅಲ್ಲದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ದೊಡ್ಡಪ್ಪ ಸಹಿ ಹಾಕಿದ ಫಾರಂ ಮಾತ್ರ ನಾಲ್ಕು ಪುಟ, ಅಷ್ಟೂ ಇಂಗ್ಲಿಷಿನಲ್ಲಿತ್ತು.

ಕೆಲವರಿಗೆ ಗೊತ್ತು ಮಾಡಿಕೊಳ್ಳೋದೇ ಬೇಡ, "ನೀವೇ ನೋಡ್ಕೊಳ್ಳಿ" ಅಂತಾರೆ. ಅದೂ ಒಂದು ತೀರ್ಮಾನವೇ. ಆದರೆ ಅದನ್ನ ಅವರ ಬಾಯಲ್ಲಿ ಕೇಳಿಕೊಂಡಿರಬೇಕು, ಆಸ್ಪತ್ರೆ ಮೆಟ್ಟಿಲು ಹತ್ತೋ ಮುಂಚೆಯೇ ಕೇಳಿಕೊಂಡರೆ ಇನ್ನೂ ಒಳ್ಳೇದು. ಈ ಸಂಕ್ರಾಂತಿಗೆ ಊರಿಗೆ ಹೋದಾಗ ಎಳ್ಳು ಬೆಲ್ಲ ತಿಂತಾ ನಮ್ಮ ಮನೆಯಲ್ಲೂ ಕೇಳಿದೆ: ನಾಳೆ ಹೀಗೇನಾದ್ರೂ ಆದ್ರೆ ನಿಮಗೆ ಯಾವುದು ಬೇಡ? ಅಮ್ಮ ಒಂದು ಕ್ಷಣವೂ ಯೋಚಿಸದೆ, "ನಿಮ್ಮನ್ನ ಗುರುತು ಹಿಡೀದಂಗೆ ಆಗೋದು ಬೇಡ ಕಣೋ" ಅಂದರು. ಅಪ್ಪ ರಿಮೋಟ್ ತಗೊಂಡು ಟೀವಿ ಸೌಂಡ್ ಜಾಸ್ತಿ ಮಾಡಿದರು.