ದೋಣಿ ಹತ್ತಬೇಡ, ಮನೆಗೆ ಹೋಗು

ವಾಕ್ಯಭಾಗ: ಮಾರ್ಕ 5:1-20

 

ನಮ್ಮ ಯೌವನಸ್ಥರ ತಂಡ ಖಾನಾಪುರ ಕಡೆಯ ಹಳ್ಳಿಗಳಿಗೆ ಆರು ದಿನದ ಮಿಷನ್ ಟ್ರಿಪ್ ಹೋಗಿ ಬಂದದ್ದು ನಿಮಗೆಲ್ಲ ಗೊತ್ತು. ಹೋದ ಭಾನುವಾರ ಸಾಕ್ಷಿಗಳನ್ನೂ ಕೇಳಿದಿರಿ. ದೇವರಿಗೆ ಸ್ತೋತ್ರ. ಆದರೆ ಇವತ್ತು ನಾನು ಮಾತಾಡೋದು ಏಳನೇ ದಿನದ ಬಗ್ಗೆ.

ಹುಬ್ಬಳ್ಳಿಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದಾಗ ಬೋಗಿ ತುಂಬ ನಮ್ಮದೇ ಹಾಡು. ಹಾವೇರಿ ಬಂತು, ಐದು ಜನ ಇಳಿದರು. ಗಿಟಾರೂ ಅವರ ಜೊತೆ ಇಳಿದು ಹೋಯಿತು. ಬ್ಯಾಡಗಿಯಲ್ಲಿ ನಾಲ್ಕು ಜನ ಇಳಿದರು. ರಾಣೆಬೆನ್ನೂರು ಬರುವಷ್ಟರಲ್ಲಿ ಹಾಡು ನಿಂತಿತ್ತು, ಉಳಿದವರೆಲ್ಲ ಮೊಬೈಲ್ ನೋಡ್ತಾ ಕೂತಿದ್ವಿ.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಅವ್ವ ಬಾಗಿಲಲ್ಲೇ ಅಂದಳು, "ನಳ ಬಂದೈತಿ ನೋಡಪಾ. ನಾಕು ಕೊಡ ತುಂಬಿ ಒಳಗ ಇಡು, ನನ್ನ ಮೊಣಕಾಲು ಭಾಳ ನೋಯಾಕತ್ತೈತಿ." ನಾನು ಏನಂದೆ ಗೊತ್ತಾ? "ಸೇವೆ ಮಾಡಿ ಸುಸ್ತಾಗಿ ಬಂದೀನವ್ವಾ, ನಾಳೆ ನೋಡೂಣು."

ಪ್ರಿಯರೇ, ಅದೇ ದಿನ ಬೆಳಿಗ್ಗೆ ಹಳ್ಳಿಯಲ್ಲಿ ಹೆಸರೂ ಗೊತ್ತಿಲ್ಲದ ಒಬ್ಬ ಅಜ್ಜಿಗೆ ಬೋರಿನಿಂದ ನಾಲ್ಕು ಕೊಡ ನೀರು ಹೊತ್ತು ಕೊಟ್ಟಿದ್ದೆ. ಫೋಟೋ ನನ್ನ ಸ್ಟೇಟಸ್‌ನಲ್ಲಿ ಇನ್ನೂ ಇತ್ತು. ಆ ರಾತ್ರಿ ನಮ್ಮ ಮನೆಯ ನೀರು ಹೊತ್ತವಳು ನನ್ನ ಹೆಂಡತಿ. ಮರುದಿನ ಬೆಳಿಗ್ಗೆ ಅವ್ವ ಸ್ಟೇಟಸ್ ನೋಡಿ, "ಫೋಟೋ ಚಲೋ ಬಂದೈತಿ" ಅಂದಳು. ಅಷ್ಟೇ. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಹಾಗಾದರೆ ಅಲ್ಲಿ ನಾವು ತೋರಿಸಿದ ಪ್ರೀತಿ ಸುಳ್ಳಾ? ಸುಳ್ಳು ಅಂತ ನಾನು ಹೇಳಲ್ಲ. ಆದರೆ ಅಲ್ಲಿ ಅದು ಸುಲಭ ಇತ್ತು. ಬೆಳಿಗ್ಗೆ ಐದಕ್ಕೆ ಎಬ್ಬಿಸುವವರಿದ್ದರು, ಕೂಡಿ ಪ್ರಾರ್ಥಿಸುವವರಿದ್ದರು. ಆ ಅಜ್ಜಿಗೆ ನನ್ನ ಹಳೇ ಸಿಟ್ಟು ಗೊತ್ತಿಲ್ಲ, ನನಗೆ ಅವರ ಹಟ ಗೊತ್ತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆರು ದಿನ ಅಂತ ಲೆಕ್ಕ ಇತ್ತು. ಮನೆಯ ಪ್ರೀತಿಗೆ ವಾಪಸ್ ಟಿಕೆಟ್ ಇಲ್ಲ. ಅವ್ವನ ಮೊಣಕಾಲು ನಾಳೆಯೂ ನೋಯುತ್ತೆ, ನಾಡಿದ್ದೂ ನೋಯುತ್ತೆ.

ನಮ್ಮ ಬ್ಯಾಡಗಿ ಮೆಣಸಿನಕಾಯಿ ನೋಡಿ. ಜಿಐ ಟ್ಯಾಗ್ ಸಿಕ್ಕಿದ್ದು 2011ರಲ್ಲಿ, ಹೆಸರು ದೇಶದಾಚೆಗೂ ಹೋಗಿದೆ. ಬಣ್ಣ ತೆಗೆಯೋದಕ್ಕೇ ಫ್ಯಾಕ್ಟರಿಗಳಿವೆ. ಬಣ್ಣ ಭಾಳ, ಖಾರ ಕಮ್ಮಿ. ಮೆಣಸಿನಕಾಯಿಗೆ ಅದು ಗುಣ, ವಿಶ್ವಾಸಿಗೆ ಅದು ಕೊರತೆ. ನಮ್ಮಲ್ಲಿ ಎಷ್ಟು ಬಣ್ಣ ಇದೆ ಅಂತ ಸ್ಟೇಟಸ್ ನೋಡುವವರು ಹೇಳ್ತಾರೆ. ಖಾರ ಎಷ್ಟಿದೆ ಅಂತ ಮನೆಯಲ್ಲಿ ಜೊತೆಗೆ ಉಣ್ಣುವವರಿಗೇ ಗೊತ್ತು.

ಈಗ ವಾಕ್ಯಕ್ಕೆ ಬರೋಣ. ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ಇದ್ದ ಆ ಮನುಷ್ಯನಿಗೆ ಬಿಡುಗಡೆಯಾಯಿತು. ಯೇಸು ದೋಣಿ ಹತ್ತುವಾಗ ಅವನು ಬೇಡಿಕೊಂಡ, ನಾನೂ ನಿನ್ನ ಜೊತೆ ಬರ್ತೀನಿ ಅಂತ. ಒಳ್ಳೇ ಬೇಡಿಕೆ ಅಲ್ವಾ? ಎಷ್ಟೋ ಜನರಿಗೆ ನನ್ನ ಹಿಂದೆ ಬಾ ಅಂದ ಕರ್ತನು ಇವನಿಗೆ ಮಾತ್ರ ಬೇಡ ಅಂದನು. ಮನೆಗೆ ಹೋಗು, ನಿನ್ನವರಿಗೆ ಹೇಳು ಅಂದನು.

ಯೋಚನೆ ಮಾಡಿ, ಅವನ ಊರವರು ಯಾರು? ಅವನ ಕೂಗು ಹಗಲು ರಾತ್ರಿ ಕೇಳಿದವರು. ಅವನಿಗೆ ಸರಪಳಿ ಹಾಕಿದವರು. ಹೊಸ ಊರಿಗೆ ಹೋಗಿದ್ದರೆ ಸಾಕ್ಷಿ ಹೇಳೋದು ಸುಲಭ ಇತ್ತು, ಹಳೇದು ಯಾರಿಗೂ ಗೊತ್ತಿರಲಿಲ್ಲ. ಅವನು ನಿಜವಾಗಿ ಬದಲಾದನೋ ಇಲ್ಲವೋ ಅಂತ ಪರೀಕ್ಷೆ ಮಾಡಬಲ್ಲವರು ಮನೆಯವರೇ. ಕರ್ತನು ಅವನನ್ನು ಅವರ ಕಣ್ಣ ಮುಂದೆಯೇ ಕಳಿಸಿದನು.

ಕೆಲವರು ಕೇಳಬಹುದು, "ಪಾಸ್ಟರ್, ತಂದೆತಾಯಿಯನ್ನು ತನಗಿಂತ ಹೆಚ್ಚು ಪ್ರೀತಿಸುವವನು ತನಗೆ ಯೋಗ್ಯನಲ್ಲ ಅಂತ ಯೇಸುವೇ ಹೇಳಿಲ್ವಾ?" ಹೌದು, ಮತ್ತಾಯ 10:37. ಆದರೆ ಮಾರ್ಕ 7ನೇ ಅಧ್ಯಾಯದಲ್ಲಿ ಅದೇ ಯೇಸು, ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಕೊಟ್ಟಾಯಿತು ಅಂತ ಹೇಳಿ ಕೈತೊಳೆದುಕೊಂಡವರನ್ನು ಖಂಡಿಸಿದನು. ಎರಡನ್ನೂ ಹೇಗೆ ಹಿಡಿಯೋದು? ನಾನು ಒಂದು ಪ್ರಶ್ನೆ ಕಲಿತಿದ್ದೀನಿ: ನನ್ನ ತ್ಯಾಗದ ಬೆಲೆ ಯಾರು ಕೊಡ್ತಾ ಇದ್ದಾರೆ? ನಾನೇ ಕೊಟ್ಟರೆ ಅದು ಶಿಲುಬೆ. ಕೇಳದೇ ಮನೆಯವರ ಹತ್ತಿರ ಕೊಡಿಸಿದರೆ ಅದು ಕೊರ್ಬಾನ್. ಆ ರಾತ್ರಿ ನನ್ನ ಸೇವೆಯ ಬೆಲೆ ಕೊಟ್ಟದ್ದು ನನ್ನ ಹೆಂಡತಿ.

ದೊಡ್ಡ ದೇವಸೇವಕರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. 1793ರಲ್ಲಿ ವಿಲಿಯಂ ಕೇರಿ ಭಾರತಕ್ಕೆ ಬಂದರು. ನಮ್ಮ ಕನ್ನಡಕ್ಕೂ 1817ರಲ್ಲಿ ಒಂದು ವ್ಯಾಕರಣ ಬರೆದುಕೊಟ್ಟವರು ಅವರು. ಅವರ ಹೆಂಡತಿ ಡೊರೊಥಿ ಮೊದಲು ಬರಲ್ಲ ಅಂದಿದ್ದರು. ಆಮೇಲೆ, ತಂಗಿ ಜೊತೆಗೆ ಬರ್ತಾಳೆ ಅಂದ ಮೇಲೆ ಒಪ್ಪಿದರು. ಮರು ವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಡೊರೊಥಿಯ ಮನಸ್ಸು ಕೆಟ್ಟಿತು, 1807ರಲ್ಲಿ ತೀರಿಕೊಳ್ಳುವವರೆಗೂ ಸರಿಹೋಗಲಿಲ್ಲ. ಕೇರಿಯವರಿಗೆ ತೀರ್ಪು ಕೊಡೋಕೆ ನಾನು ಯಾರು? ಆದರೆ ಅವರ ಸೇವೆಯನ್ನು ನೆನೆಸುವಾಗ ಡೊರೊಥಿಯನ್ನು ಮರೆಯಬಾರದು ಅನ್ನಿಸುತ್ತೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಆ ಟ್ರಿಪ್‌ನಲ್ಲಿ ನಾನು ಕ್ಷಮಾಪಣೆ ಬಗ್ಗೆ ಪ್ರಸಂಗ ಮಾಡಿದೆ. ಆಗ ಹೊಲದ ಪಾಲಿನ ವಿಷಯಕ್ಕೆ ನನ್ನ ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷ ಆಗಿತ್ತು. ಅವನ ಮನೆ ನಮ್ಮ ಓಣಿಯ ಕೊನೆಗೇ ಇದೆ. ಖಾನಾಪುರದವರೆಗೆ ಹೋದ ನನಗೆ ಆ ಐವತ್ತು ಹೆಜ್ಜೆ ಹೋಗೋಕೆ ಮತ್ತೆ ಹನ್ನೊಂದು ದಿನ ಬೇಕಾಯಿತು.

ಹೋದೆ. "ಅಣ್ಣಾ, ನಾನು ಮಾತಾಡಿದ್ದು ತಪ್ಪಾತು" ಅಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಬಾ, ಕುಂದ್ರು. ಚಾ ಕುಡದು ಹೋಗು" ಅಂದ. ಅತ್ತಿಗೆ ಚಾ ಕೊಟ್ಟರು. ಅಪ್ಪಿಕೊಂಡು ಅತ್ತೆವು ಅಂತ ಹೇಳೋಕೆ ನನಗೂ ಆಸೆ, ಆದರೆ ಹಾಗಾಗಲಿಲ್ಲ. ಹೊಲದ ವಿಷಯ ಇನ್ನೂ ಬಗೆಹರಿದಿಲ್ಲ. ಆದರೆ ಈಗ ಎದುರಿಗೆ ಸಿಕ್ಕರೆ ನಾವಿಬ್ಬರೂ ನಿಲ್ತೀವಿ, ಮಾತಾಡ್ತೀವಿ.

ನಿಮ್ಮಲ್ಲಿ ಕೆಲವರ ಮನೆಯಲ್ಲಿ ನೀವೊಬ್ಬರೇ ವಿಶ್ವಾಸಿ. ಚರ್ಚಿಗೆ ಹೋಗಿದ್ದಕ್ಕೇ ಅಪ್ಪ ಮುಖ ತಿರುಗಿಸುತ್ತಾರೆ. ನಿಮ್ಮ ಕಷ್ಟ ನನಗೆ ಗೊತ್ತು. ಮನೆಗೆ ಹೋಗಿ ಅವರನ್ನು ತಿದ್ದಬೇಡಿ. ಅವರು ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಕೈ ಹಚ್ಚಿ. ಬ್ಯಾಡಗಿಯ ತಮ್ಮಂದಿರೇ, ನಿಮ್ಮಲ್ಲಿ ಎಷ್ಟು ಜನರ ಅವ್ವಂದಿರು ದಿನವೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸಿ, ಉರಿಯುವ ಕೈಯಲ್ಲೇ ಮನೆಗೆ ಬಂದು ಪಾತ್ರೆ ತೊಳೀತಾರೆ? ಆ ಪಾತ್ರೆ ನೀವು ತೊಳೀರಿ. ಯಾಕೆ ಅಂತ ಅವರೇ ಕೇಳುವ ದಿನ ಬಂದರೆ, ಆಗ ಕರ್ತನು ನಿಮಗೆ ಮಾಡಿದ್ದನ್ನು ಹೇಳಿ. ಕೇಳದಿದ್ದರೂ ಮರುದಿನ ಮತ್ತೆ ತೊಳೀರಿ.

ಮುಂದಿನ ಟ್ರಿಪ್‌ಗೆ ಹೆಸರು ಕೊಡುವ ಮೊದಲು ಮನೆಯಲ್ಲಿ ಒಂದು ಮಾತು ಕೇಳಿ ಬನ್ನಿ: "ನಾನು ಇಲ್ಲದಾಗ ನನ್ನ ಕೆಲಸ ಯಾರು ಮಾಡ್ತಾರೆ?"

ಕಣ್ಣು ಮುಚ್ಚೋಣ. ಕರ್ತನೇ, ದೂರದವರಿಗೆ ಕೊಟ್ಟ ತಾಳ್ಮೆಯನ್ನು ನಮ್ಮ ಮನೆಯವರಿಗೂ ಕೊಡುವಂತೆ ನಮಗೆ ಕಲಿಸು. ನಮ್ಮ ಸೇವೆಯ ಭಾರವನ್ನು ಸುಮ್ಮನೆ ಹೊತ್ತವರನ್ನು ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.